ಖುರ್ಚಿಗೆ ಕಟ್ಟಿದ ಸೈಕಲ್ ಟ್ಯೂಬು

ಆ ಟ್ಯೂಬು ಕೆಂಪಗಿತ್ತೋ ಕಪ್ಪಗಿತ್ತೋ ನನಗೆ ಗೊತ್ತಿಲ್ಲ. ಕಣ್ಣು ಮುಚ್ಚಿದರೆ ಕೆಂಪಗೆ ಕಾಣುತ್ತದೆ. ಆದರೆ ಕಣ್ಣು ಮುಚ್ಚಿದಾಗ ಕಾಣುವುದನ್ನು ನಂಬುವುದು ಬಿಟ್ಟು ಬಹಳ ಕಾಲವಾಯಿತು. ನಾನು ಆಗ ದಿನಾ ನೋಡುತ್ತಿದ್ದ ವಾಡಿ ಸ್ಟೇಷನ್ನಿನ ಸಿಗ್ನಲ್ ದೀಪವೂ ಕೆಂಪೇ. ಅದರ ಬಣ್ಣ ಇದಕ್ಕೆ ಅಂಟಿಕೊಂಡಿರಬಹುದು. ಟ್ಯೂಬು ಇತ್ತು ಎನ್ನುವುದು ಮಾತ್ರ ಖರೆ. ಎಳೆದರೆ ಕಿರ್ರ್ ಎನ್ನುತ್ತಿತ್ತು. ರೊಟ್ಟಿಯ ಜೊತೆ ಒಂದೇ ಚೀಲದಲ್ಲಿ ಬರುತ್ತಿದ್ದುದರಿಂದ ರೊಟ್ಟಿಗೂ ಅದರ ವಾಸನೆ ಬಡಿಯುತ್ತಿತ್ತು. ಕಣ್ಣಿಗಿಂತ ಮೂಗನ್ನು ನಾನು ಸ್ವಲ್ಪ ಹೆಚ್ಚು ನಂಬುತ್ತೇನೆ.

ನಿಜಾಮರ ಆಳ್ವಿಕೆಯನ್ನು ಕೊನೆಗಾಣಿಸಿದ ಪೊಲೀಸ್ ಕಾರ್ಯಾಚರಣೆ ಮುಗಿದು ಒಂದೆರಡು ವರ್ಷವಾಗಿತ್ತು. ನಾವು ಇನ್ನೂ ಹೈದರಾಬಾದ್ ರಾಜ್ಯದವರೇ. ನಾನು ವಾಡಿಯಲ್ಲಿ ಇದ್ದುಕೊಂಡು, ಬೆಳಿಗ್ಗೆಯ ಪ್ಯಾಸೆಂಜರ್ ಹತ್ತಿ ಚಿತ್ತಾಪುರದ ಒಂದು ಸಣ್ಣ ಸರ್ಕಾರಿ ಕಚೇರಿಗೆ ಹೋಗುತ್ತಿದ್ದೆ. ಯಾವ ಕಚೇರಿ ಎಂದು ಹೇಳುವುದಿಲ್ಲ. ಹೇಳಿದರೆ ಅಲ್ಲಿ ಇದ್ದವರ ಮೊಮ್ಮಕ್ಕಳು ಬಂದು ನನ್ನ ಸಂಗಡ ವಾದ ಮಾಡುತ್ತಾರೆ, ಮತ್ತು ಅವರದೇ ಸರಿ ಇರಬಹುದು. ಗುಮಾಸ್ತನಿಗೆ ಆಗ ಅಹಲ್ಕಾರ ಎನ್ನುತ್ತಿದ್ದರು. ನಾನು ಹೊಸ ಅಹಲ್ಕಾರ. ನನ್ನ ಪಕ್ಕದ ಮೇಜಿನವರು ಎಲ್ಲರಿಗಿಂತ ಹಳಬರು. ದಂಡೋತಿಯವರು, ಮಗಳೊಡನೆ ಚಿತ್ತಾಪುರದಲ್ಲೇ ಮನೆ ಮಾಡಿದ್ದರು. ಕಚೇರಿಯ ಮಂದಿಯೆಲ್ಲ ಅವರನ್ನು ಕಾಕಾ ಎಂದು ಕರೆಯುತ್ತಿದ್ದರು. ಹಾಗಾಗಿ ನನಗೂ ಕಾಕಾ.

ಅಲ್ಲಿಯ ತನಕ ಕಚೇರಿ ಅಂದರೆ ನೆಲ. ಜಮಖಾನೆ, ಅದರ ಮೇಲೆ ಗಾದಿ, ಮುಂದೆ ಇಳಿಜಾರಿನ ಗಿಡ್ಡ ಡೆಸ್ಕು. ನಾನು ಸೇರುವ ಹೊತ್ತಿಗೆ ಹೊಸ ಸರ್ಕಾರದ ಮೇಜು ಖುರ್ಚಿಗಳು ಬಂದಿದ್ದವು. ಉಳಿದವರೆಲ್ಲ ಖುರ್ಚಿಗೆ ಹೊಂದಿಕೊಂಡರು. ಕಾಕಾ ಖುರ್ಚಿಯನ್ನೇ ನೆಲ ಮಾಡಿಕೊಂಡರು. ಚಪ್ಪಲಿ ಕೆಳಗೆ ಬಿಟ್ಟು, ಎರಡೂ ಕಾಲು ಮೇಲೆ ಮಡಚಿಕೊಂಡು, ಊಟಕ್ಕೆ ಕೂತ ಹಾಗೆ ಕೂತು ಬರೆಯುತ್ತಿದ್ದರು.

"ಕಾಲು ಕೆಳಗ ಬಿಡ್ರಿ ಕಾಕಾ" ಎಂದು ನಾನು ಒಂದು ದಿನ ಹೇಳಿದೆ.

"ಬಿಟ್ರ ನಂದೇ ಕಾಲು ಅಂತ ಅನಸಂಗಿಲ್ಲೋ ತಮ್ಮಾ. ಯಾರೋ ಇಟ್ಟು ಮರತು ಹೋದಂಗ ಅನಸ್ತದ."

ಕೂತರೆ ಯಾರಿಗೂ ತೊಂದರೆ ಇರಲಿಲ್ಲ. ತೊಂದರೆ ಏಳುವುದರಲ್ಲಿ. ಸಾಹೇಬರು ಒಳಗೆ ಬಂದರೆ ಕಚೇರಿ ಎದ್ದು ನಿಲ್ಲಬೇಕು, ಇದು ಹಳೆಯ ಸರ್ಕಾರದಲ್ಲೂ ಇತ್ತು, ಹೊಸದರಲ್ಲೂ ಉಳಿಯಿತು. ನಾವೆಲ್ಲ ಏಳುವಾಗ ಕಾಕಾ ಮಡಚಿದ ಕಾಲನ್ನು ಕೈಯಿಂದ ಎತ್ತಿ ಕೆಳಗಿಡುತ್ತಿದ್ದರು. ಜೋಮು ಹಿಡಿದ ಪಾದ ಚಪ್ಪಲಿ ಹುಡುಕುತ್ತಿತ್ತು. ಒಂದು ಚಪ್ಪಲಿ ಸಿಕ್ಕುವಷ್ಟರಲ್ಲಿ ಸಾಹೇಬರು ತಮ್ಮ ಕೋಣೆಗೆ ಹೋಗಿಬಿಟ್ಟಿರುತ್ತಿದ್ದರು. ಅದರ ಮೇಲೆ ಬಲಗಾಲಿನ ಮೊಣಕಾಲು ಬೇರೆ ಹಟಮಾರಿ.

ಸಾಹೇಬರು ಹೊಸಬರು, ಧಾರವಾಡದ ಕಡೆಯಿಂದ ನಮ್ಮ ರಾಜ್ಯಕ್ಕೆ ಕಳಿಸಲ್ಪಟ್ಟವರು. ಅವರ ಇಸ್ತ್ರಿ ಹೇಗೆ ನೆಟ್ಟಗಿತ್ತೋ ನಂಬಿಕೆಗಳೂ ಹಾಗೆಯೇ. ಈ ಮುದುಕ ಬೇಕಂತಲೇ ಏಳುವುದಿಲ್ಲ, ಹಳೆಯ ಸರ್ಕಾರದ ಸೊಕ್ಕು ಇನ್ನೂ ಇಳಿದಿಲ್ಲ ಎಂದು ಅವರು ನಿಶ್ಚಯಿಸಿಕೊಂಡರು. ಒಂದು ಮಧ್ಯಾಹ್ನ ಎಲ್ಲರ ಎದುರಿಗೇ ಹೇಳಿದರು: "ಕಲಬುರ್ಗಿಯಿಂದ ದೊಡ್ಡ ಸಾಹೇಬ್ರು ತಪಾಸಣೆಗೆ ಬರೋರಿದ್ದಾರ. ಅವರ ಮುಂದೂ ನೀವು ಹೀಂಗ ಕುಂತ್ರಿ ಅಂದ್ರ, ನಿಮ್ಮನ್ನ ಚಿಂಚೋಳಿಗೆ ಕಳಸ್ತೀನಿ. ಅಲ್ಲಿ ಬೇಕಾದಷ್ಟು ಕುಂದರ್ರಿ."

ಊಟದ ಹೊತ್ತಿಗೆ ಕಾಕಾ ರೊಟ್ಟಿ ಮುರಿಯುತ್ತ ನನಗಷ್ಟೇ ಹೇಳಿದರು.

"ಚಿಂಚೋಳಿ ಏನು ಕೆಟ್ಟ ಊರಲ್ಲ. ಗುಡ್ಡ ಅದ, ಗಾಳಿ ಅದ. ಆದ್ರ ನಮ್ಮ ಕೂಸು ಇಲ್ಲಿ ಸಾಲಿ ಓದ್ಲಿಕತ್ತದ. ಇಲ್ಲಿ ಅಕ್ಕಾವ್ರು ಬಂದಾರ, ಹೆಣ್ಣಮಕ್ಕಳಿಗಿ ಮುಂದಿಂದೂ ಕಲಸ್ತಾರ. ಅಲ್ಲಿ ಕಲಸವ್ರು ಇನ್ನ ಇಲ್ಲಂತ. ನಾ ಚಿಂಚೋಳಿಗಿ ಹೋದ್ರ ಅಕಿನ್ನ ದಂಡೋತಿಗಿ ಬಿಡಬೇಕು. ದಂಡೋತಿಗಿ ಬಿಟ್ಟೆ ಅಂದ್ರ ನಮ್ಮವ್ವ ಮರುದಿನಾನೇ ವರ ನೋಡ್ತಾಳ."

"ಅವ್ವನಿಗಿ ಬ್ಯಾಡ ಅಂತ ಹೇಳ್ರಿ."

"ನಮ್ಮವ್ವನ ಮುಂದ ನಾನು ಜಲ್ದಿ ಎದ್ದು ನಿಲ್ತೀನೋ ತಮ್ಮಾ. ಅಲ್ಲಿ ಮೊಣಕಾಲು ನೋಯಂಗಿಲ್ಲ."

ಹೀಗೆ ಒಬ್ಬ ಹುಡುಗಿಯ ಓದು ಒಂದು ಮೊಣಕಾಲಿನ ಮೇಲೆ ಬಂದು ನಿಂತಿತು.

ಮೊಣಕಾಲು ಗಟ್ಟಿ ಮಾಡುವ ಟ್ಯೂಬಿನ ಉಪಾಯ ಯಾರದು? ನನ್ನ ನೆನಪಿನಲ್ಲಿ ನನ್ನದು. ಅದಕ್ಕೇ ನನಗೆ ಅನುಮಾನ. ಶಹಾಬಾದಿನ ಒಂದು ಕ್ಷೌರದಂಗಡಿಯಲ್ಲಿ ಗೋಡೆಗೆ ಅಂಟಿಸಿದ್ದ ಹಳೆಯ ಕಾಗದದಲ್ಲಿ ಒಬ್ಬ ಮೀಸೆಯವನು ಎರಡೂ ಕೈಯಲ್ಲಿ ಸ್ಪ್ರಿಂಗುಗಳನ್ನು ಎಳೆದು ಎದೆ ಉಬ್ಬಿಸಿ ನಿಂತಿದ್ದ. ಅವನನ್ನು ನೋಡಿ ನನಗೆ, ಇದನ್ನು ಕಾಲಿಗೆ ಯಾಕೆ ಹಚ್ಚಬಾರದು, ಕೂತಲ್ಲೇ ಯಾಕೆ ಎಳೆಯಬಾರದು ಎನ್ನಿಸಿತು ಎಂದು ನೆನಪು. ಕಾಕಾ ಸಾಯುವ ತನಕ ಹೇಳಿದ್ದು ಬೇರೆ: ಬಾವಿಯ ಹಗ್ಗ ಸೇದುವಾಗ ಅವರಿಗೇ ಹೊಳೆಯಿತಂತೆ. ಇಬ್ಬರೂ ಸುಳ್ಳು ಹೇಳುವವರಲ್ಲ. ನಾನು ಎರಡನ್ನೂ ಇಲ್ಲಿ ಇಟ್ಟು ಮುಂದೆ ಹೋಗುತ್ತೇನೆ.

ಟ್ಯೂಬನ್ನು ತಂದವನು ನಾನೇ, ಅದರಲ್ಲಿ ತಕರಾರಿಲ್ಲ. ವಾಡಿ ಸ್ಟೇಷನ್ನಿನ ಹೊರಗೆ ಒಂದು ಸೈಕಲ್ ದುಕಾನಿತ್ತು. ಪಂಕ್ಚರ್ ತಿದ್ದಿ ತಿದ್ದಿ ಇನ್ನು ತಿದ್ದಲಾಗದ ಟ್ಯೂಬುಗಳು ಅಲ್ಲಿ ಮೊಳೆಗೆ ನೇತಾಡುತ್ತಿದ್ದವು. ಒಂದನ್ನು ಕೇಳಿದೆ.

"ಬಂಡಿಗಿ ಮೂಟಿ ಕಟ್ಲಿಕ್ಕೇನ್ರಿ?" ಎಂದ ದುಕಾನಿನವ.

"ಅಲ್ಲ, ಕಾಲಿಗಿ ಕಟ್ಟೋದು."

"ಯಾರ ಕಾಲಿಗಿ? ಎಮ್ಮಿ ಒದೀತದೇನು?"

ನಾನು ನಕ್ಕೆ. ಅವನು ತನ್ನ ಮಾತಿನಷ್ಟೇ ಚೂಪಾದ ಕತ್ತರಿಯಿಂದ ನಾನು ಹೇಳಿದ ಉದ್ದಕ್ಕೆ ಕತ್ತರಿಸಿ ಕೊಟ್ಟ.

ನಾವು ಮಾಡಿದ್ದು ಇಷ್ಟು. ಖುರ್ಚಿಯ ಮುಂದಿನ ಎರಡು ಕಾಲುಗಳ ನಡುವೆ ಒಂದು ಅಡ್ಡಪಟ್ಟಿ ಇರುತ್ತದಲ್ಲ, ಟ್ಯೂಬನ್ನು ಅದಕ್ಕೆ ಸುತ್ತಿ, ಎರಡೂ ತುದಿಗಳಲ್ಲಿ ಉರುಳು ಮಾಡಿದೆವು. ಒಂದೊಂದು ಉರುಳಿನಲ್ಲಿ ಒಂದೊಂದು ಪಾದ. ಕೂತು ಬರೆಯುತ್ತಲೇ ಕಾಲನ್ನು ಮುಂದಕ್ಕೆ ಚಾಚಬೇಕು. ರಬ್ಬರು ಹಿಂದಕ್ಕೆ ಎಳೆಯುತ್ತದೆ. ಬಿಡಬಾರದು, ಮೆಲ್ಲಗೆ ವಾಪಸು ತರಬೇಕು. ಮತ್ತೆ ಚಾಚಬೇಕು. ಮೇಜಿಗೆ ಹಸಿರು ಬಟ್ಟೆ ಹಾಸಿತ್ತು, ಮುಂದಿನಿಂದ ಏನೂ ಕಾಣುತ್ತಿರಲಿಲ್ಲ. ಸಂಜೆ ಬಿಚ್ಚಿ, ಸುರುಳಿ ಸುತ್ತಿ, ರೊಟ್ಟಿಯ ಚೀಲಕ್ಕೆ ಹಾಕಿಕೊಂಡು ಹೋಗುವುದು. ಮನೆಯಲ್ಲಿ ಖುರ್ಚಿ ಇರಲಿಲ್ಲ, ಆದರೂ ಕಚೇರಿಯಲ್ಲಿ ಬಿಡಲು ಅವರಿಗೆ ಧೈರ್ಯವಿರಲಿಲ್ಲ.

ಮೊದಲ ಲಾಭ ಏನಾಯಿತೆಂದರೆ, ಉರುಳಿನಲ್ಲಿ ಪಾದ ಇದ್ದುದರಿಂದ ಕಾಕಾರಿಗೆ ಕಾಲು ಮಡಚಲಾಗದೆ ಹೋಯಿತು. ನನಗೆ ಇದು ವಿಚಿತ್ರವಾಗಿ ಕಂಡಿತು. ಗಟ್ಟಿ ಮಾಡಲು ತಂದದ್ದು ಮೊದಲು ಕಟ್ಟಿಹಾಕಿತು. ಕಾಲು ಈಗ ತಮ್ಮದೇ ಅನ್ನಿಸುತ್ತದೆಯೇ ಎಂದು ಕೇಳಿದರೆ, "ಇನ್ನ ಪೂರಾ ನಂದಲ್ಲ, ಬೀಗರದು ಇದ್ದಂಗ ಅದ" ಎನ್ನುತ್ತಿದ್ದರು.

ಎದುರಿನ ಮೇಜಿನಲ್ಲಿ ಹಳೆಯ ಕಡತಗಳನ್ನು ನೋಡಿಕೊಳ್ಳುವವನಿದ್ದ, ಮಾತಿನಲ್ಲಿ ಯಾರನ್ನೂ ಬಿಡುವವನಲ್ಲ. ಕಿರ್ರ್ ಸದ್ದು ಅವನ ಕಿವಿಗೆ ಬಿತ್ತು.

"ಕಾಕಾ, ಮೇಜಿನ ಕೆಳಗ ಎಮ್ಮಿ ಹಿಂಡ್ಲಿಕತ್ತೀರೇನ್ರಿ?"

"ಹೌದಪ್ಪ. ಹಾಲು ಬಂದ ಮ್ಯಾಲ ನಿನಗೂ ಚಾ ಮಾಡಸ್ತೀನಿ, ತಡೀ."

"ಮೊದಲು ಕರು ಬಿಡ್ರಿ, ಆಗ ಹಾಲು ಸೊರೀತದ."

ವಾಡಿಯ ದುಕಾನಿನವನೂ ಎಮ್ಮೆ ಎಂದ, ಇವನೂ ಎಮ್ಮೆ ಎಂದ. ಒಬ್ಬರ ಮಾತನ್ನು ನಾನು ಇನ್ನೊಬ್ಬರ ಬಾಯಲ್ಲಿ ಹಾಕಿರಬಹುದು. ಓದುವವರು ಯಾವುದಾದರೂ ಒಂದನ್ನು ಹೊಡೆದುಹಾಕಬಹುದು.

ನನ್ನ ಕುತೂಹಲ ಮೊಣಕಾಲಿಗಿಂತ ರಬ್ಬರಿನ ಕಡೆಗೇ ಹೆಚ್ಚು ಹೊರಳಿತು. ದಿನಾ ಸಂಜೆ ಅದನ್ನು ಮೇಜಿನ ಅಂಚಿಗೆ ಹಿಡಿದು ನೋಡುತ್ತಿದ್ದೆ. ಎಳೆದದ್ದು ವಾಪಸು ಬರುತ್ತದೆ, ಆದರೆ ಪೂರ್ತಿ ಬರುವುದಿಲ್ಲ. ಪ್ರತಿಸಾರಿ ಸ್ವಲ್ಪ ಉದ್ದ ಉಳಿಯುತ್ತದೆ. ಹಾಗಾದರೆ ಕಾಕಾ ಮೊದಲಿಗಿಂತ ಸುಲಭವಾಗಿ ಕಾಲು ಚಾಚುತ್ತಿದ್ದುದು ಕಾಲು ಗಟ್ಟಿಯಾದದ್ದರಿಂದಲೋ, ರಬ್ಬರು ಸಡಿಲಾದದ್ದರಿಂದಲೋ? ಇದರಿಂದ ನೆನಪಿನ ಬಗ್ಗೆ ನಾನು ಏನನ್ನೂ ಹೇಳಲು ಹೊರಟಿಲ್ಲ. ರಬ್ಬರಿನ ಬಗ್ಗೆಯೇ ಹೇಳುತ್ತಿದ್ದೇನೆ.

"ಎದ್ದು ನೋಡ್ರಿ ಕಾಕಾ, ಗೊತ್ತಾಗ್ತದ" ಎಂದು ನಾನು ಒತ್ತಾಯ ಮಾಡುತ್ತಿದ್ದೆ.

"ಈಗ ಯಾಕ? ದೊಡ್ಡ ಸಾಹೇಬ್ರು ಬರೋ ದಿನ ಏಳ್ತೀನಿ. ಈಗೇ ಎದ್ದು ಇದ್ದದ್ದೂ ಖರ್ಚ ಮಾಡ್ಲೇನು?" ನಮ್ಮ ಸಾಹೇಬರು ಬಂದಾಗಲೂ ಕಾಕಾ ಉರುಳು ಬಿಚ್ಚುವಷ್ಟರಲ್ಲಿ ಸಾಹೇಬರು ಕೋಣೆ ಸೇರಿರುತ್ತಿದ್ದರು.

ತಪಾಸಣೆಯ ದಿನ ಬಂತು. ದೊಡ್ಡ ಸಾಹೇಬರು ವಾಡಿಯಲ್ಲಿ ಗಾಡಿ ಬದಲಿಸಿ ಬರುತ್ತಾರೆ, ಸ್ಟೇಷನ್ನಿನಿಂದ ಟಾಂಗಾ ಹತ್ತುತ್ತಾರೆ, ಟಾಂಗಾದ ಗೆಜ್ಜೆ ಸದ್ದು ಬಂತೆಂದರೆ ನಮಗೆ ತಯಾರಾಗಲು ಬೇಕಾದಷ್ಟು ಹೊತ್ತಿರುತ್ತದೆ: ಇದು ನಮ್ಮ ಲೆಕ್ಕ. ಎಲ್ಲ ಸಾಹೇಬರೂ ಹಾಗೆಯೇ ಬರುತ್ತಿದ್ದರು. ಹಿಂದಿನ ಸರ್ಕಾರದ ಸಾಹೇಬರೂ ಹಾಗೆಯೇ ಬಂದಿದ್ದರು. ಚಪರಾಸಿಯನ್ನು ಗೆಜ್ಜೆ ಕೇಳಲೆಂದೇ ಸ್ಟೇಷನ್ ದಾರಿಯ ಕಟ್ಟೆಯ ಮೇಲೆ ಕೂರಿಸಿದ್ದೆವು. ಕಾಕಾ ಗೆಜ್ಜೆ ಸದ್ದಿಗೆ ಉರುಳು ಬಿಚ್ಚಿ, ಚಪ್ಪಲಿ ಮೆಟ್ಟಿ, ಖುರ್ಚಿಯ ತುದಿಯಲ್ಲಿ ಕೂರುವುದು. ಅಲ್ಲಿಯ ತನಕ, ಮೊಣಕಾಲು ಬೆಚ್ಚಗಿರಲಿ ಎಂದು, ಎಳೆಯುತ್ತ ಇರುವುದು.

ದೊಡ್ಡ ಸಾಹೇಬರು ಸೇಡಂ ಕಡೆಯಿಂದ ಜೀಪಿನಲ್ಲಿ ಬಂದರು.

ಜೀಪಿಗೆ ಗೆಜ್ಜೆ ಇರುವುದಿಲ್ಲ. ಅಂಗಳದಲ್ಲಿ ಧೂಳು ಎದ್ದದ್ದನ್ನು ಯಾರೋ ನೋಡಿದರು, ಅಷ್ಟರಲ್ಲಿ ಬಾಗಿಲಲ್ಲಿ ಬೂಟಿನ ಸದ್ದು. ನಾನು ಏಳುವ ಮೊದಲೇ ನನ್ನ ಪಕ್ಕದಲ್ಲಿ ಯಾರೋ ಎದ್ದರು. ಕಾಕಾ! ಇಡೀ ಕಚೇರಿಗಿಂತ ಮೊದಲು, ಎರಡೂ ಕೈ ಮೇಜಿಗೆ ಊರಿ, ನೆಟ್ಟಗೆ. ಹಿಂದೆಯೇ ಧಡ್ ಎಂದಿತು.

ಬಗ್ಗಿ ನೋಡಿದೆ. ಕಾಕಾರ ಪಾದಗಳು ಬರಿಯವು, ಉರುಳಿನಲ್ಲೇ ಇದ್ದವು. ಅವರು ಎದ್ದ ರಭಸಕ್ಕೆ ಖುರ್ಚಿ ಹಿಂದಕ್ಕೆ ವಾಲಿ ಗೋಡೆಗೆ ಒರಗಿತ್ತು. ಅದರ ಮುಂದಿನ ಕಾಲುಗಳು ಎತ್ತಿಕೊಂಡಿದ್ದವು. ಟ್ಯೂಬು ತಂತಿಯ ಹಾಗೆ ಬಿಗಿದು ಅವರ ಎರಡೂ ಪಾದಗಳನ್ನು ಹಿಂದಕ್ಕೆ ಜಗ್ಗುತ್ತಿತ್ತು. ಕೂತರೆ ಖುರ್ಚಿ ಇಲ್ಲ. ಒಂದು ಹೆಜ್ಜೆ ಇಟ್ಟರೆ ಖುರ್ಚಿ ಉರುಳಿ ಬಿದ್ದು ಎಲ್ಲ ಬಯಲಾಗುತ್ತದೆ.

"ಕೂತುಕೊಳ್ಳಿ, ಕೂತುಕೊಳ್ಳಿ" ಎಂದರು ದೊಡ್ಡ ಸಾಹೇಬರು. ಎಲ್ಲರೂ ಕೂತರು. ಕಾಕಾ ಕೂರಲಿಲ್ಲ.

ನಾನು ಕಾಲಿನಿಂದ ಅವರ ಖುರ್ಚಿಯನ್ನು ಕೆಳಕ್ಕೆ ಒತ್ತಲು ನೋಡಿದೆ. "ಮುಟ್ಟಬ್ಯಾಡೋ" ಎಂದು ಅವರು ತುಟಿ ಅಲುಗಿಸದೆ ಹೇಳಿದರು. "ಈಗ ನಿಂತಾಗ್ಯದ."

ದೊಡ್ಡ ಸಾಹೇಬರು ಕಡತ ನೋಡಿದರು. ಇನ್ನೊಂದು ನೋಡಿದರು. ಚಹಾ ಬಂತು, ಕುಡಿದರು. ಕಾಕಾ ನಿಂತೇ ಇದ್ದರು. ಎಷ್ಟು ಹೊತ್ತು? ನನ್ನ ನೆನಪಿನಲ್ಲಿ ಬೆಳಕು ಕಿಟಕಿಯಿಂದ ಬಾಗಿಲಿಗೆ ಹೋಗುವಷ್ಟು ಹೊತ್ತು, ಅಂದರೆ ಸಾಧ್ಯವೇ ಇಲ್ಲದಷ್ಟು. ಅವರ ಹಣೆಯಿಂದ ಇಳಿದ ಬೆವರು ಹಸಿರು ಬಟ್ಟೆಯ ಮೇಲೆ ಬಿದ್ದು ಕಪ್ಪಾದದ್ದನ್ನು ಮಾತ್ರ ನೋಡಿದ್ದೇನೆ. ಕೊನೆಗೆ ದೊಡ್ಡ ಸಾಹೇಬರು ಕನ್ನಡಕ ತೆಗೆದು ಕೇಳಿದರು: "ಇವರು ಯಾಕೆ ನಿಂತಿದ್ದಾರೆ?"

ನಮ್ಮ ಸಾಹೇಬರ ಮುಖವನ್ನು ಆಗ ನೋಡಬೇಕಿತ್ತು. ಅವರಿಗೂ ಕಾರಣ ಗೊತ್ತಿರಲಿಲ್ಲ. ಆದರೆ ಉತ್ತರ ಕೊಡಲೇಬೇಕು. "ಹಳೆಯ ಸಿಬ್ಬಂದಿ, ಸರ್. ನೀವು ಇರೋ ತನಕ ಕೂಡೋದಿಲ್ಲ ಅವರು" ಎಂದರು. ಹೇಳಿದ ಮೇಲೆ ಅದನ್ನು ಅವರೇ ನಂಬಿದರು ಎಂದು ನನಗನ್ನಿಸುತ್ತದೆ. ಅವರ ಬೆನ್ನು ಇನ್ನಷ್ಟು ನೆಟ್ಟಗಾಯಿತು.

ಜೀಪು ಹೋಯಿತು. ನಮ್ಮ ಸಾಹೇಬರು ಅದರ ಸಂಗಡವೇ ಹೋದರು. ನಾನು ಮೇಜಿನ ಕೆಳಗೆ ತೂರಿ ಖುರ್ಚಿಯನ್ನು ಇಳಿಸಿ, ಉರುಳು ಬಿಚ್ಚಿದೆ. ಕಾಕಾ ಧೊಪ್ಪನೆ ಕೂತರು. ಕಡತದವನು ಎದುರಿನಿಂದ ಬಂದು, ಏನೂ ತಮಾಷೆ ಮಾಡದೆ, ಮಡಕೆಯಿಂದ ನೀರು ಕೊಟ್ಟ. ಚಪರಾಸಿ ಮಾತ್ರ ಬಹಳ ಹೊತ್ತಿನ ಮೇಲೆ ಬಂದು, ಟಾಂಗಾ ಇನ್ನೂ ಬಂದಿಲ್ಲ ಎಂದು ತಿಳಿಸಿದ.

ಚಿಂಚೋಳಿಯ ಮಾತು ಮತ್ತೆ ಬರಲಿಲ್ಲ. ಮರುದಿನ ಬೆಳಿಗ್ಗೆ ನಮ್ಮ ಸಾಹೇಬರು ಒಳಗೆ ಬಂದಾಗ ಎಲ್ಲರೂ ಎದ್ದೆವು. ಕಾಕಾ ಮೇಜಿಗೆ ಕೈ ಊರುವ ಮೊದಲೇ ಅವರು, "ನೀವು ಕುಂದರ್ರಿ, ನೀವು ಕುಂದರ್ರಿ" ಎಂದು ಕೈಸನ್ನೆ ಮಾಡಿ ಹೋದರು. ಅದರ ಮರುದಿನವೂ ಹಾಗೆಯೇ. ವಾರದೊಳಗೆ ಕಾಕಾ ಮತ್ತೆ ಎರಡೂ ಕಾಲು ಮಡಚಿ ಖುರ್ಚಿಯ ಮೇಲೆ ಕೂತರು. ಟ್ಯೂಬು ಚೀಲದಲ್ಲಿ ಬರುವುದು ನಿಂತಿತು. ಅವರ ಮನೆಯಲ್ಲಿ ಕಟ್ಟಿಗೆಯ ಹೊರೆಗೆ ಅದನ್ನು ಕಟ್ಟಿದ್ದನ್ನು ಒಮ್ಮೆ ನೋಡಿದೆ.

ನನ್ನ ತಲೆ ಕೆಟ್ಟುಹೋಯಿತು. ಅಷ್ಟೆಲ್ಲ ಮಾಡಿದ ಮೇಲೆ ಮೊಣಕಾಲು ಗಟ್ಟಿಯಾಗಿತ್ತೋ ಇಲ್ಲವೋ ತಿಳಿಯುವ ದಾರಿಯೇ ಮುಚ್ಚಿತ್ತು. ಅವರು ಆ ದಿನ ಅಷ್ಟು ಬೇಗ ಎದ್ದದ್ದು ಬಲದಿಂದಲೋ ಹೆದರಿಕೆಯಿಂದಲೋ? ಅಷ್ಟು ಹೊತ್ತು ನಿಂತದ್ದು ಕಾಲಿನ ಶಕ್ತಿಯೋ, ಹಿಂದೆ ಜಗ್ಗಿ ಹಿಡಿದಿದ್ದ ರಬ್ಬರಿನದೋ? ಒಂದು ಸಂಜೆ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಕೇಳಿಯೇಬಿಟ್ಟೆ. ಅವರ ಮಗಳು ಪಾಟಿಚೀಲ ಹೊತ್ತು ನಮಗಿಂತ ಮುಂದೆ ನಡೆಯುತ್ತಿದ್ದಳು, ಸಾಲೆಯಿಂದ ಅವಳನ್ನು ಕರೆದುಕೊಂಡು ಹೊರಟಿದ್ದೆವು.

"ಕಾಕಾ, ಒಂದ್ಸಲ ಟ್ಯೂಬ್ ಇಲ್ದ ಖಾಲಿ ಕಾಲಿಂದ ಎದ್ದು ತೋರಸ್ರಿ. ಖರೆ ಏನಂತ ನೋಡ್ಬೇಕು."

"ನಿನಗ್ಯಾಕ ಬೇಕೋ ಅದು? ಕೂಸು ಇನ್ನೂ ಸಾಲಿಗಿ ಹೋಗ್ತದ, ನೋಡು."

"ಮತ್ತ ಮೊಣಕಾಲು?"

"ಮೊಣಕಾಲೇನು ಸಾಲಿಗಿ ಹೋಗ್ತದೇನು?" ಎಂದು ಅವರು ಮಗಳ ಹಿಂದೆ ಕುಂಟುತ್ತ ಬೇಗ ಬೇಗ ನಡೆದರು. ಕುಂಟಿದ್ದು ಬಲಗಾಲೋ ಎಡಗಾಲೋ, ಅದನ್ನಾದರೂ ನಾನು ಆವತ್ತು ಸರಿಯಾಗಿ ನೋಡಬೇಕಿತ್ತು.