ಹುಳದ ಕೋಣೆಗೆ ಬಂದ ನಶ್ಯ

ಪ್ರತಿ ಯುಗಾದಿಗೂ ನಾನು ಬೇವಿನ ಜೊತೆ ಒಂದು ಪ್ರತಿಜ್ಞೆಯನ್ನೂ ನುಂಗುತ್ತಿದ್ದೆ. ಬೇವಿನ ಕಹಿಯಾದರೂ ಮಧ್ಯಾಹ್ನದವರೆಗೆ ಇರುತ್ತಿತ್ತು. ನಶ್ಯ ಬಿಡುವ ಪ್ರತಿಜ್ಞೆ ಅಷ್ಟು ಹೊತ್ತೂ ಬಾಳುತ್ತಿರಲಿಲ್ಲ. ಒಮ್ಮೆ ಕೆಂಗಲ್ ಹನುಮಂತರಾಯನ ಗುಡಿಯಲ್ಲೇ ನಶ್ಯದ ಡಬ್ಬಿ ಬಿಟ್ಟು ಬಂದವನು, ಚನ್ನಪಟ್ಟಣ ದಾಟುವಷ್ಟರಲ್ಲಿ ಅರಗಿನ ಬಣ್ಣದ ಹೊಸ ಡಬ್ಬಿ ಕೊಂಡಿದ್ದೆ.

ಆಗ ನಾನು ಹೊಂಗನೂರಿನಲ್ಲಿ ಮೇಷ್ಟ್ರು. ಹೆಂಡತಿ ಪುಟ್ಟಮ್ಮ ನಡುಕೋಣೆಯಲ್ಲಿ ರೇಷ್ಮೆಹುಳು ಸಾಕುತ್ತಿದ್ದಳು. ಹೊಗೆಸೊಪ್ಪು ಸೋಕಿದರೆ ಹುಳು ಉಳಿಯುವುದಿಲ್ಲ. ನಶ್ಯವೂ ಹೊಗೆಸೊಪ್ಪಿನ ಪುಡಿಯೇ. ಆ ವರ್ಷ ಬಿಟ್ಟೇಬಿಟ್ಟೆನೆಂದು ಅವಳನ್ನು ನಂಬಿಸಿದ್ದೆ.

ಹುಳು ಗೂಡು ಕಟ್ಟಲು ಇನ್ನೊಂದು ವಾರವಿತ್ತು. ಹಿಪ್ಪುನೇರಳೆ ತೋಟಕ್ಕೆ ಹೊರಟ ಪುಟ್ಟಮ್ಮ, "ಹುಳಕ್ಕೆ ಒಸಿ ಸೊಪ್ಪು ಹಾಕ್ಬುಡಿ" ಎಂದಳು. ಆಗತಾನೆ ನಶ್ಯ ಏರಿಸಿದ ಬೆರಳನ್ನು ಪಂಚೆಗೆ ಒರೆಸಿಕೊಂಡು ಹಾಕಿದೆ. ಸಂಜೆಗೆ ನಾನು ಮೊದಲು ಸೊಪ್ಪು ಹಾಕಿದ ಬಿದಿರು ತಟ್ಟೆಯ ಹುಳುಗಳೆಲ್ಲ ತಲೆಯೆತ್ತಿ ತೂಗುತ್ತ ಹಸಿರು ರಸ ಕಕ್ಕತೊಡಗಿದವು; ಹೊಗೆಸೊಪ್ಪು ಸೋಕಿದ ಗುರುತು.

ಪುಟ್ಟಮ್ಮ ನೆಟ್ಟಗೆ ಪಕ್ಕದ ಮನೆಯ ನಿಂಗಮ್ಮನನ್ನು ಕರೆದಳು. ಆ ಮುದುಕಿಯ ದವಡೆಯಲ್ಲಿ ಸದಾ ಹೊಗೆಸೊಪ್ಪು. ಬೆಳಿಗ್ಗೆ ಮಜ್ಜಿಗೆಗೆಂದು ಬಂದಿದ್ದಳು.

"ನಿಂಗಕ್ಕ, ಹುಳದ ಕ್ವಾಣೆಗೆ ಹೋಗಿದ್ಯಾ?"

"ಹೊಸ್ಲೂ ದಾಟ್ಲಿಲ್ಲ ಕಣವ್ವ!"

"ಮತ್ತಿನ್ಯಾರು? ಈ ಮನೇಲಿ ಯಾರಿಗೈತೆ ಆ ಚಟ?"

ನಾನು ಅಲ್ಲೇ ನಿಂತಿದ್ದೆ. ಒಂದು ಮಾತು ಆಡಿದ್ದರೆ ಸಾಕಿತ್ತು. ದಿನವೂ ಮಕ್ಕಳಿಗೆ ಸತ್ಯ ಬೋಧಿಸುವವನು ಸೊಂಟದ ಡಬ್ಬಿಯನ್ನು ಇನ್ನಷ್ಟು ಒಳಕ್ಕೆ ಸಿಕ್ಕಿಸಿಕೊಂಡೆ. ನಿಂಗಮ್ಮ ಕರ್ಪೂರ ತರಿಸಿ ಹಚ್ಚಿದಳು. ಆಣೆ ಇಡಲು ಉರಿಯ ಮೇಲೆ ಕೈ ಚಾಚಿದಳು.

"ನಾನು ಕಣೆ. ನಾನು ಬಿಟ್ಟಿಲ್ಲ" ಎಂದೆ.

ಪುಟ್ಟಮ್ಮ ಬೈಯಲಿಲ್ಲ. ಆ ತಟ್ಟೆಯನ್ನು ತಿಪ್ಪೆಗೆ ಸುರಿದು ಬಂದು, "ಇನ್ಮ್ಯಾಕೆ ಸೊಪ್ಪು ನೀವೇ ಹಾಕಿ" ಎಂದಳು. ಪ್ರತಿ ಸಲವೂ ಮೊಣಕೈವರೆಗೆ ಕೈ ತೊಳೆದು ಹಾಕಿದೆ. ಉಳಿದ ತಟ್ಟೆಗಳಲ್ಲಿ ಯಾವ ಹುಳು ತಲೆಯೆತ್ತಿದರೂ ರಸ ಕಕ್ಕೀತೇ ಎಂದು ಬಗ್ಗಿ ನೋಡುತ್ತಿದ್ದೆ. ಆ ಭಯದಲ್ಲಿ ಡಬ್ಬಿಯ ನೆನಪಾದರೂ ಕೈ ಹೋಗಲಿಲ್ಲ. ವಾರ ಕಳೆದು ಹುಳುಗಳು ಗೂಡು ಕಟ್ಟಿದವು.

ಅಂದು ನಿಂಗಮ್ಮನ ಮನೆಗೆ ಹೋಗಿ ತಪ್ಪಾಯಿತೆಂದೆ.

"ಹುಳ ಹೋದ್ರೆ ಇನ್ನೊಂದ್ ಸಲ ಮೇಯ್ಸಬೌದು ಮೇಷ್ಟ್ರೇ," ಎಂದಳು. "ನಾನ್ ಕರ್ಪೂರ ಹಚ್ಚೋಗಂಟ ಸುಮ್ಕಿದ್ರಲ್ಲ?"



ನಶ್ಯ ಮತ್ತೆ ನನ್ನ ಮೂಗಿಗೆ ಏರಲಿಲ್ಲ. ಆದರೆ ಇನ್ನೊಬ್ಬರ ಮೇಲೆ ತಪ್ಪು ಬೀಳುವಾಗ ಸುಮ್ಮನಿರುವುದೂ ಒಂದು ಚಟವೇ. ಅದಕ್ಕೆ ಘಾಟಿಲ್ಲ, ಹೆಂಡತಿಗೂ ವಾಸನೆ ಹತ್ತುವುದಿಲ್ಲ. ಅದನ್ನು ಮಾತ್ರ ದಿನಾ ನಾನೇ ಮೂಸಿ ನೋಡಿಕೊಳ್ಳಬೇಕು.