ನರಿ ತೋಡಿದ ಒರತೆ

ಕಾಯಿ ತುರಿದು ಮುಗಿಸಿ ಕರಟವನ್ನು ನಲ್ಲಿಯ ಕೆಳಗೆ ಇಟ್ಟಿದ್ದೆ. ನಲ್ಲಿ ತೊಟ್ಟಿಕ್ಕುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಕರಟ ಅಂಚಿನವರೆಗೂ ತುಂಬಿತ್ತು. ಒಳಗಿನ ಕಂದು ಬಣ್ಣ ನೀರಿನಡಿಯಲ್ಲಿ ಮರಳಿನ ಹಾಗೆ ಕಾಣುತ್ತಿತ್ತು. ಎಸೆಯಲು ಚಾಚಿದ ಕೈ ಹಾಗೇ ನಿಂತಿತು. ಗಂಡನ ಊರಿನಲ್ಲಿ ಪಕ್ಕದ ಮನೆಯಲ್ಲಿದ್ದ ದೊಡ್ಡವ್ವ ನೀರು ಮೊಗೆಯುತ್ತಿದ್ದದ್ದು ಇಂಥದೇ ಕರಟದಲ್ಲಿ.

ಅರವತ್ತರ ದಶಕದ ಕೊನೆಯಲ್ಲಿ ಮದುವೆಯಾಗಿ ನಾನು ಅರ್ಕಾವತಿಯ ದಡದ ಆ ಊರಿಗೆ ಬಂದೆ. ತವರು ದೊಡ್ಡಬಳ್ಳಾಪುರ. ಬೀದಿ ನಲ್ಲಿಯಲ್ಲಿ ನೀರು ಹಿಡಿದು ಬೆಳೆದವಳು ನಾನು. ಆ ಊರಿನ ಹೊಳೆ ಮಳೆಗಾಲದಲ್ಲಿ ಕೆಂಪಗೆ ಹರಿಯುತ್ತಿತ್ತು. ಸಂಕ್ರಾಂತಿ ಕಳೆದ ಮೇಲೆ ಸಣ್ಣಗಾಗುತ್ತಾ ಬಂದು, ಶಿವರಾತ್ರಿಯ ಹೊತ್ತಿಗೆ ಬರೀ ಮರಳು ಉಳಿಯುತ್ತಿತ್ತು. ಊರ ಬಾವಿಯದು ಸವುಳು ನೀರು. ಅದರಲ್ಲಿ ಬೇಳೆ ಬೇಯುತ್ತಿರಲಿಲ್ಲ. ಕುಡಿಯುವ ನೀರಿಗಾಗಿ ಹೆಂಗಸರು ಹೊಳೆಯ ಮರಳಿನಲ್ಲಿ ಗುಂಡಿ ತೋಡುತ್ತಿದ್ದರು. ಒಳಗೆ ಮೆಲ್ಲಗೆ ತಿಳಿನೀರು ಊರುತ್ತಿತ್ತು. ಆ ಗುಂಡಿಗೆ ಒರತೆ ಎನ್ನುತ್ತಿದ್ದರು.

ಒರತೆ ಎಲ್ಲಿ ತೋಡಬೇಕೆಂದು ಹೇಳುತ್ತಿದ್ದವಳು ದೊಡ್ಡವ್ವ. ಗಂಡ ತೀರಿಕೊಂಡಿದ್ದ, ಮಗಳನ್ನು ಸೂಲಿಬೆಲೆಯ ಕಡೆ ಕೊಟ್ಟಿದ್ದಳು. ಒಂದು ಎಮ್ಮೆ, ಹೊಳೆದಂಡೆಯಲ್ಲಿ ಒಂದು ತುಂಡು ಗದ್ದೆ, ಇಷ್ಟೇ ಅವಳದು. ಬೆಳಕು ಹರಿಯುವಾಗ ಹಿತ್ತಲ ಬೇಲಿಯಾಚೆಯಿಂದ ನನ್ನನ್ನು ಕೂಗುತ್ತಿದ್ದಳು.

"ಏ ನಲ್ಲಿ ನೀರು, ಎದ್ದಾ? ಬಾರವ್ವ, ಬಿಸ್ಲು ಬಂದ್ರೆ ಮರಳು ಕಾಲು ಸುಡ್ತದೆ."

ನನಗೆ ಅವಳಿಟ್ಟ ಹೆಸರು ಅದು. ಕೊನೆಯವರೆಗೂ ಬಿಡಲಿಲ್ಲ.

ಮೊದಲ ಬೇಸಿಗೆಯಲ್ಲಿ ಅವಳು ಮರಳಿನ ಮೇಲೆ ಬಗ್ಗಿಕೊಂಡು ನಡೆಯುವುದನ್ನು ಕಂಡು, ಏನೋ ಕಳೆದುಕೊಂಡಿದ್ದಾಳೆ ಎಂದುಕೊಂಡೆ. ಅವಳು ಹುಡುಕುತ್ತಿದ್ದದ್ದು ನರಿಯ ಹೆಜ್ಜೆಯನ್ನು. ಹೊಳೆ ಬತ್ತಿದ ಮೇಲೆ ನರಿಗಳು ನೀರಿನ ವಾಸನೆ ಹಿಡಿದು ಮರಳನ್ನು ಕೆರೆಯುತ್ತಿದ್ದವು. ಮೊಳದುದ್ದದ ಓರೆ ಗುಂಡಿ, ಹಿಂದಕ್ಕೆ ಚೆಲ್ಲಿದ ಒದ್ದೆ ಮರಳು, ತಳದಲ್ಲಿ ಅಂಗೈಯಷ್ಟು ನೀರು... ದೊಡ್ಡವ್ವ ಅದನ್ನೇ ಅಗಲ ಮಾಡಿ, ಮರಳು ಜರಿಯದಂತೆ ತಳ ಕಿತ್ತ ಬುಟ್ಟಿಯನ್ನು ಇಳಿಸಿ, ಮೊದಲ ಕಲಕು ನೀರನ್ನು ಹೊರಗೆ ಚೆಲ್ಲುತ್ತಿದ್ದಳು.

ನೀರು ತುಂಬಿಕೊಂಡ ಮೇಲೆ ಹೆಂಗಸರು ದನ ಇಳಿಯದಂತೆ ಒರತೆಗಳ ಮೇಲೆ ಜಾಲಿ ಮುಳ್ಳು ಮುಚ್ಚುತ್ತಿದ್ದರು. ನರಿ ತೋರಿಸಿದ ಒರತೆಗೆ ಮಾತ್ರ ಮುಳ್ಳು ಹಾಕಬಾರದು. ಅದರ ಒಂದು ಮಗ್ಗುಲನ್ನು ಇಳಿಜಾರಾಗಿ ಕಡಿದು ಬಿಟ್ಟುಬರಬೇಕು. ಅದು ಊರಿನ ಹಳೆಯ ಪದ್ಧತಿ. ಮರುದಿನ ಹೋದರೆ ಆ ಇಳಿಜಾರಿನಲ್ಲಿ ಹೆಜ್ಜೆಗಳು ತುಂಬಿರುತ್ತಿದ್ದವು. ನರಿಯದು, ಮುಂಗುಸಿಯದು, ಗೌಜಲಕ್ಕಿಗಳದು, ಒಮ್ಮೊಮ್ಮೆ ಹಾವು ಹರಿದ ಗೆರೆ.

ಮೇಲುಬೀದಿಯ ಸೊಸೆಯೊಬ್ಬಳಿಗೆ ಅದು ಸರಿಬರುತ್ತಿರಲಿಲ್ಲ. "ನರಿ ಎಂಜ್ಲು ಕುಡುಸ್ತೀಯಲ್ಲ ದೊಡ್ಡವ್ವ ನಮ್ಗೆ" ಎಂದು ಒಂದು ದಿನ ಮೂಗು ಮುರಿದಳು.

"ಮೊದ್ಲು ತೋಡಿದ್ದು ಯಾರೇ? ಅದ್ರ ಮನೇಲಿ ಉಂಡು ಎಂಜ್ಲು ಅಂದ್ರೆ ಆಯ್ತದಾ?" ಎಂದಳು ದೊಡ್ಡವ್ವ. "ನಿನ್ ಗದ್ದೆ ಬದುವಿನ ಏಡಿ ತಿನ್ನೋದೂ ಅದೇ. ಇಲ್ದಿದ್ರೆ ಏಡಿ ಬಿಲದಾಗೆ ನೀರೆಲ್ಲ ಹರ್ಕೊಂಡ್ ಹೋಗಿ, ನಿನ್ ಗಂಡ ರಾತ್ರಿಯೆಲ್ಲ ಬದು ಕಾಯ್ಬೇಕಾಗಿತ್ತು. ಅವ್ನನ್ನ ಮನೇಲಿ ಮಲಗಿಸ್ತಾ ಐತಲ್ಲ ನರಿ, ಅದಕ್ಕಾದ್ರೂ ಒಂದು ಗುಟುಕು ನೀರು ಬಿಡು."

ಹೆಂಗಸರೆಲ್ಲ ನಕ್ಕರು. ಆ ಸೊಸೆಯೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಮನೆಗೆ ಹೊರಡುವಾಗ ದೊಡ್ಡವ್ವ ನನ್ನ ಬಿಂದಿಗೆಯ ನೀರಿನ ಮೇಲೆ ತನ್ನ ಕರಟವನ್ನು ತೇಲಿಬಿಡುತ್ತಿದ್ದಳು. ಹಾಗೆ ಮಾಡಿದರೆ ನಡೆಯುವಾಗ ನೀರು ತುಳುಕುವುದಿಲ್ಲ. ತಲೆಯ ಮೇಲೆ ಕರಟ ಬಿಂದಿಗೆಯ ಕಂಠಕ್ಕೆ ತಾಗುವ ಟಕ್ ಟಕ್ ಸದ್ದು ಮನೆಯವರೆಗೂ ಬರುತ್ತಿತ್ತು...

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಲಾರಿಗಳು ಬಂದವು. ಬೆಂಗಳೂರಿನಲ್ಲಿ ಮನೆ ಕಟ್ಟುವವರಿಗೆ ಮರಳು ಬೇಕಾಗಿತ್ತು. ಊರಿನ ಗಂಡಸರೇ ಕೂಲಿಗೆ ಹೋಗಿ ತುಂಬುತ್ತಿದ್ದರು. ಹೊಳೆಯ ನಡುವೆ ಮರಳನ್ನು ಕಡಿದು ಕಡಿದು, ಉಳಿದ ಅಂಚು ಆಳೆತ್ತರಕ್ಕಿಂತ ಮೇಲಿನ ಗೋಡೆಯಾಗಿ ನಿಂತಿತು. ಆ ಬೇಸಿಗೆಯಲ್ಲಿ ನಮ್ಮ ಹಳೆಯ ಜಾಗಗಳಲ್ಲಿ ಎಷ್ಟು ತೋಡಿದರೂ ಒಣ ಮರಳೇ. ದೊಡ್ಡವ್ವ ದಿನವೂ ಹೆಜ್ಜೆ ಹುಡುಕಿದಳು. ಕೊನೆಗೆ ನರಿ ಕೆರೆದ ಗುಂಡಿ ಸಿಕ್ಕಿದ್ದು ಆ ಮರಳುಗೋಡೆಯ ಬುಡದಲ್ಲೇ. ಅಲ್ಲಿ ಮರಳು ತೆಗೆದು ತಗ್ಗಾಗಿದ್ದರಿಂದ ನೀರು ಹತ್ತಿರವಿತ್ತು. ದೊಡ್ಡವ್ವನ ಮುಖ ಅರಳಿತು. ಎಲ್ಲರೂ ಅಲ್ಲಿಂದಲೇ ತುಂಬಿಕೊಂಡೆವು.

ಗೋಡೆ ಮೊದಮೊದಲು ಹಸಿಯಾಗಿ ಕಪ್ಪಗಿತ್ತು. ಬಿಸಿಲಿಗೆ ದಿನದಿನಕ್ಕೆ ಬೆಳ್ಳಗಾಗುತ್ತಾ ಹೋಯಿತು. ಒಂದು ಬೆಳಿಗ್ಗೆ ಮೇಲಿನಿಂದ ಮರಳು ದಾರದ ಎಳೆಯಂತೆ ಸಣ್ಣಗೆ ಇಳಿಯುತ್ತಿದ್ದದ್ದನ್ನು ಕಂಡೆ.

"ದೊಡ್ಡವ್ವ, ಉದುರ್ತಾ ಐತೆ ನೋಡು. ಬೇರೆ ಕಡೆ ನೋಡನ."

"ನರಿ ಕೆಟ್ಟ ಜಾಗ ತೋಡಾಕಿಲ್ಲ ಕಣವ್ವ. ಇಷ್ಟು ವರ್ಷ ನೋಡಿಲ್ವಾ ನಾನು" ಎಂದಳು.

ನಿಜ, ಅಷ್ಟು ವರ್ಷದಲ್ಲಿ ನರಿ ಒಮ್ಮೆಯೂ ತಪ್ಪಿರಲಿಲ್ಲ. ಆದರೆ ನರಿಗೆ ಗೊತ್ತಿದ್ದದ್ದು ನೀರಿನ ಜಾಗ. ಲಾರಿ ಮಾಡಿದ ಗೋಡೆಯನ್ನು ಅದೂ ಅವಳ ಹಾಗೆ ಹೊಸದಾಗಿ ನೋಡುತ್ತಿತ್ತು. ನರಿ ಹಗುರ, ಕುಡಿದು ಓಡಿಹೋಗುತ್ತದೆ. ದೊಡ್ಡವ್ವ ಗುದ್ದಲಿ ಹಿಡಿದು ಇಳಿಜಾರು ಕಡಿಯಲು ನಿಂತಳು.

ನನ್ನ ಬಿಂದಿಗೆ ತುಂಬಿಸಿ, ಕರಟ ತೇಲಿಬಿಟ್ಟು, ತಲೆಗೆ ಎತ್ತಿಕೊಟ್ಟಳು. "ನೀನು ನಡಿ, ಇದಿಷ್ಟು ಕಡ್ದು ಬತ್ತೀನಿ" ಎಂದಳು. ಉಳಿದ ಹೆಂಗಸರು ಆಗಲೇ ಹೋಗಿದ್ದರು. ನಾನು ದಡ ಹತ್ತುತ್ತಿದ್ದೆ. ದೊಡ್ಡ ಸದ್ದೇನೂ ಆಗಲಿಲ್ಲ. ರಾಗಿ ಮೂಟೆಯನ್ನು ಕಣಜಕ್ಕೆ ಸುರಿದ ಹಾಗೆ, ಅಷ್ಟೇ. ತಿರುಗಿ ನೋಡಿದಾಗ ಅಲ್ಲಿ ಗೋಡೆ ಇರಲಿಲ್ಲ. ಒರತೆ ಇರಲಿಲ್ಲ.

ಬಿಂದಿಗೆ ಯಾವಾಗ ಬಿತ್ತೋ ತಿಳಿಯದು. ಕೂಗಿಕೊಂಡೆ, ಕೈಯಲ್ಲಿ ತೋಡಿದೆ. ತೋಡಿದಷ್ಟೂ ಮೇಲಿನಿಂದ ಮರಳು ಇಳಿಯುತ್ತಿತ್ತು. ಲಾರಿಯವರೇ ಸಲಿಕೆ ಹಿಡಿದು ಓಡಿಬಂದರು. ಅವಳನ್ನು ಹೊರಗೆ ತೆಗೆದಾಗ ಮೈ ಇನ್ನೂ ಬೆಚ್ಚಗಿತ್ತು... ಯಾರೋ ಬಾಯೊಳಗಿನ ಮರಳನ್ನು ತೆಗೆದರು. ನೀರು ಬಿಟ್ಟರು. ಅದು ಹಾಗೇ ಹೊರಗೆ ಹರಿಯಿತು.

ಆಮೇಲೆ ಊರಿನವರು ಆ ಜಾಗದ ಸುತ್ತ ಮುಳ್ಳು ಹಾಕಿದರು. ಸವುಳು ನೀರನ್ನೇ ಕುಡಿದೆವು. ತಿಥಿ ಕಳೆದ ಮೇಲೆ ನಾನೊಬ್ಬಳೇ ಹೊಳೆಗೆ ಇಳಿದೆ. ಅವಳ ಕರಟ ನಾನು ಬೀಳಿಸಿದಲ್ಲೇ ಮರಳಿನಲ್ಲಿ ಅರ್ಧ ಹೂತಿತ್ತು. ಮುಳ್ಳಿನ ಸಂದಿಯಲ್ಲಿ ನುಸುಳಿ ನರಿ ಮತ್ತೆ ತೋಡಿತ್ತು, ಅದೇ ಜಾಗದಲ್ಲಿ. ತಳದಲ್ಲಿ ನೀರಿತ್ತು. ಗುಂಡಿ ಕಿರಿದಾಗಿ, ಕಡಿದಾಗಿತ್ತು, ಹಕ್ಕಿಗಳಿಗೆ ಎಟುಕುವಂತಿರಲಿಲ್ಲ. ಮುಳ್ಳು ಸರಿಸಿದೆ. ಆ ಕರಟದಿಂದಲೇ ಒಂದು ಮಗ್ಗುಲನ್ನು ಕೆರೆದು ಕೆರೆದು ಇಳಿಜಾರು ಮಾಡಿದೆ. ಅವಳು ಮಾಡುತ್ತಿದ್ದಷ್ಟು ಚೆನ್ನಾಗಿ ಬರಲಿಲ್ಲ.

ಈಗ ದೊಡ್ಡಬಳ್ಳಾಪುರದಲ್ಲೇ ಇದ್ದೇನೆ. ಬಸ್ಸಿನಲ್ಲಿ ಸೇತುವೆ ದಾಟುವಾಗ ಕೆಳಗೆ ನೋಡುತ್ತೇನೆ. ಮರಳೆಲ್ಲ ಹೋಗಿ ಕಲ್ಲು ಎದ್ದಿದೆ, ನಡುವೆ ಜೊಂಡು, ಕಪ್ಪು ನೀರು. ಹೆಜ್ಜೆ ಮೂಡಲು ಅಲ್ಲಿ ಏನೂ ಉಳಿದಿಲ್ಲ. ನರಿ ಕೂಗಿದ್ದು ಕೇಳಿ ಎಷ್ಟು ಕಾಲವಾಯಿತೋ...

ಸೊಸೆ ಬಂದು, "ಇದನ್ನ ಎಸೀಲಾ ಅತ್ತೆ?" ಎಂದು ಕೇಳಿದಳು. ಬೇಡ ಎಂದೆ. ಕರಟವನ್ನು ನೀರಿನ ಸಮೇತ ಎರಡೂ ಕೈಯಲ್ಲಿ ಎತ್ತಿಕೊಂಡು, ತುಳುಕದ ಹಾಗೆ ಹಿತ್ತಲ ಬಾಗಿಲವರೆಗೂ ಬಂದೆ. ಇದನ್ನು ಎಲ್ಲಿಗೆ ಒಯ್ಯಬೇಕೋ ತಿಳಿಯದೆ ಅಲ್ಲೇ ನಿಂತೆ.