ತೂಕ ಆದ ಮೇಲೆ ಒಂದು ಹಿಡಿ

ಮೊನ್ನೆ ಭಾನುವಾರ ಬಂಗಾರಪೇಟೆಯ ಸೂಪರ್ ಮಾರ್ಕೆಟ್ಟಿನಲ್ಲಿ ಹುರಿಗಡಲೆ ಡಬ್ಬದ ಮುಚ್ಚಳ ತೆಗೆದೆ. ಆ ವಾಸನೆ ಮೂಗಿಗೆ ಬಡಿದದ್ದರಿಂದಲೋ ಏನೋ, ನನ್ನ ಕೈ ಒಂದು ತಪ್ಪು ಮಾಡಿಬಿಟ್ಟಿತು. ಕವರಿಗೆ ತುಂಬಿದ್ದಾಗಿತ್ತು, ತೂಕದ ಹುಡುಗಿ ತೂಗಿದ್ದಾಗಿತ್ತು, ಬೆಲೆಯ ಚೀಟಿ ಅಂಟಿಸಿದ್ದಾಗಿತ್ತು. ಅಷ್ಟೆಲ್ಲ ಆದ ಮೇಲೆ ನಾನು ಮತ್ತೆ ಡಬ್ಬಕ್ಕೆ ಕೈ ಹಾಕಿ, ಒಂದು ಹಿಡಿ ಎತ್ತಿ, ನನ್ನ ಬುಟ್ಟಿಯ ಮೇಲೆ ಹಿಡಿದುಕೊಂಡು ನಿಂತಿದ್ದೆ.

"ಸಾರ್, ತೂಕ ಆದ್ಮೇಲೆ ಹಾಕ್ಕೊಳ್ಳೋ ಹಂಗಿಲ್ಲ."

ಹಿಂದೆ ನಿಂತವರು ಕತ್ತು ಚಾಚಿ ನೋಡಿದರು. ನನ್ನ ಕಿವಿ ಬಿಸಿಯಾಯಿತು. ನಲವತ್ತು ವರ್ಷ ಊರವರ ಮನೆಗಳನ್ನು ಕಟ್ಟಿದವನು ನಾನು. ಯಾರ ಮನೆಯ ಒಂದು ಮೊಳೆಯೂ ನನ್ನ ಜೇಬಿಗೆ ಬಂದಿಲ್ಲ. "ಗೊತ್ತಮ್ಮ" ಎಂದೆ. ಕೈ ಮಾತ್ರ ಹಾಗೇ ಗಾಳಿಯಲ್ಲಿ ನಿಂತಿತ್ತು... ಆ ಹಿಡಿ ನಾನು ಕಲಿತದ್ದು ಕೆಜಿಎಫ್‌ನ ಆಂಡರ್ಸನ್‌ಪೇಟೆಯ ಅಂಗಡಿ ಅಕ್ಕನಿಂದ.

ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ನಾನು ಗಾರೆ ಕೆಲಸಕ್ಕೆ ಇಳಿದವನು. ಬೇತಮಂಗಲದ ಕಡೆಯ ನಮ್ಮ ಹಳ್ಳಿಯಿಂದ ಕೆಜಿಎಫ್‌ಗೆ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ಸಂಜೆ ನಮ್ಮೂರ ಬಸ್ಸು ನಿಲ್ಲುತ್ತಿದ್ದುದು ಅಕ್ಕನ ಅಂಗಡಿಯ ಎದುರಿಗೇ. ಅಕ್ಕನ ಗಂಡ ಅಲ್ಲಿಯ ನಂದಿದುರ್ಗ ಅನ್ನುವ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದವರು, ನಡುವಯಸ್ಸಿಗೇ ಎದೆ ನೋವು ಬಂದು ಹೋಗಿಬಿಟ್ಟಿದ್ದರು. ಗಣಿಯವರು ಕೊಟ್ಟಿದ್ದ ಲೈನ್ ಮನೆಯಲ್ಲಿ ಇದ್ದುಕೊಂಡೇ ಅಕ್ಕ ಈ ಅಂಗಡಿ ನಡೆಸುತ್ತಿದ್ದಳು. ಮನೆಮಾತು ತಮಿಳು, ವ್ಯಾಪಾರ ಕನ್ನಡ, ಬೈಗುಳ ತೆಲುಗು. ಇಬ್ಬರು ಒಟ್ಟಿಗೆ ಒಳಗೆ ನಿಲ್ಲಲಾಗದಷ್ಟು ಚಿಕ್ಕ ಅಂಗಡಿ. ಹುರಿಗಡಲೆಯ ತಗಡಿನ ಡಬ್ಬ ಮಾತ್ರ ಯಾವಾಗಲೂ ಅವಳ ಮೊಣಕೈ ಪಕ್ಕದಲ್ಲಿ.

ಮೊದಲ ದಿನವೇ ನನ್ನ ಕಾಲಿಗೆ ಮೆತ್ತಿದ್ದ ಸಿಮೆಂಟು ನೋಡಿ, "ಏನ್ ಬೇಕು ಮೇಸ್ತ್ರಿ?" ಎಂದು ಕೇಳಿದಳು. ಆಗ ನಾನು ಗಾರೆ ಬಾಣಲೆ ಹೊರುವವನು. ಕರಣೆ ಮುಟ್ಟುವುದಕ್ಕೂ ಯಾರೂ ಬಿಡುತ್ತಿರಲಿಲ್ಲ.

"ಮೇಸ್ತ್ರಿ ಅಲ್ಲಕ್ಕ, ಆಳು."

"ಇವತ್ತು ಆಳು. ನಾಳೆ ಆಗಲ್ವಾ? ನಾಳೇದು ನಾನು ಇವತ್ತೇ ಕರೀತೀನಿ. ನಿಂಗೇನು ಕಷ್ಟ?"

ನನ್ನನ್ನು ಮೇಸ್ತ್ರಿ ಎಂದು ಮೊದಲು ಕರೆದವಳು ಅವಳು. ಆ ಹೆಸರಿಗೆ ತಕ್ಕವನಾಗಲು ನಾನು ಐದು ವರ್ಷ ಬೆನ್ನು ಮುರಿದೆ.

ಸಾಮಾನು ತೂಗಿ ಪೊಟ್ಟಣ ಕಟ್ಟಿದ ಮೇಲೆ ಅಂಗಡಿಯವರು ಒಂದಿಷ್ಟು ಕೊಸರು ಹಾಕುವುದು ನಮ್ಮ ಕಡೆ ಮೊದಲಿಂದ ಇದ್ದದ್ದೇ. ಅಕ್ಕನ ರೀತಿ ಬೇರೆ. ಕೊಸರನ್ನು ಅವಳು ಪೊಟ್ಟಣಕ್ಕೂ ಹಾಕಳು, ಕೈಗೂ ಕೊಡಳು. "ಚೀಲ ತೆರಿ" ಅನ್ನುವಳು. ಒಂದು ಹಿಡಿ ಹುರಿಗಡಲೆ ತೆಗೆದು, ಕಟ್ಟೆಯ ಆಚೆಯಿಂದ ಬಗ್ಗಿ, ಮೊಣಕೈವರೆಗೂ ಚೀಲದೊಳಗೆ ಕೈ ಇಳಿಸಿ, ತಳದಲ್ಲಿ ಬಿಟ್ಟುಬರುವಳು. "ಚೀಲದ ತಳ ಖಾಲಿ ಓಗಬಾರ್ದು ಕಣ್ಣು." ತಮಿಳರ ರೂಢಿಯಂತೆ ಪ್ರೀತಿಗೆ ಎಲ್ಲರನ್ನೂ ಕಣ್ಣು ಎಂದೇ ಕರೆಯುವಳು. ಮುಂದೆ ನನಗೆ ಮಕ್ಕಳಾದ ಮೇಲೆ, ಮನೆಗೆ ಬಂದರೆ ಅವು ಸಾಮಾನು ತೆಗೆಯುವುದಕ್ಕೂ ಬಿಡದೆ ಚೀಲ ಬೋರಲು ಹಾಕುತ್ತಿದ್ದವು. ಆಮೇಲೆ ನೆಲದ ಮೇಲೆ ಕಾಳು ಆರಿಸುವ ಜಗಳ.

ಹೀಗೆ ಬಹಳ ವರ್ಷ ನಡೆಯಿತು. ಅಷ್ಟರಲ್ಲಿ ನಾನು ನಿಜವಾಗಿಯೂ ಮೇಸ್ತ್ರಿಯಾಗಿದ್ದೆ. ಬಂಗಾರಪೇಟೆಯಲ್ಲಿ ಒಂದು ದೊಡ್ಡ ಮನೆಯ ಕೆಲಸ ಹಿಡಿದಿದ್ದ ಕಾಲಕ್ಕೆ ಈ ಸೂಪರ್ ಮಾರ್ಕೆಟ್ಟು ಶುರುವಾಯಿತು. ಎಲ್ಲದಕ್ಕೂ ಕಡಿಮೆ ಬೆಲೆ, ಒಂದು ತಗೊಂಡರೆ ಇನ್ನೊಂದು ಪುಕ್ಕಟೆ. ನನ್ನ ಹೆಂಡತಿ ಬಿಡಲಿಲ್ಲ. "ಊರೋರೆಲ್ಲ ಅಲ್ಲೇ ತತ್ತಾವ್ರೆ. ದಿನಾ ಅದರ ಮುಂದೇನೇ ಓಡಾಡ್ತೀರಾ, ನಿಮಗೊಬ್ರಿಗೆ ಏನು ಬಂದೈತೆ?"

ಒಂದು ಶನಿವಾರ ಹೋದೆ. ಎಣ್ಣೆ, ಸಕ್ಕರೆ, ಸೋಪು. ಅವರು ಕೊಟ್ಟ ಚೀಲದ ಮೇಲೆ ಅಂಗಡಿಯ ಹೆಸರು ದಪ್ಪಕ್ಷರದಲ್ಲಿತ್ತು. ಕೆಲಸದ ಜಾಗಕ್ಕೆ ಬಂದು ಎಲ್ಲವನ್ನೂ ಖಾಲಿ ಸಿಮೆಂಟ್ ಚೀಲಕ್ಕೆ ಸುರಿದುಕೊಂಡೆ. ಜೊತೆಗಾರನೊಬ್ಬ ನೋಡಿ ನಕ್ಕ. "ಏನ್ಲಾ ಮೇಸ್ತ್ರಿ, ಕದ್ದ ಮಾಲ್ ಇದ್ದಂಗೆ ಮುಚ್ಚಿಕ್ತೀಯ?"

"ಸುಮ್ಕಿರ್ಲಾ" ಎಂದೆ. ನಗು ಬರಲಿಲ್ಲ.

ಬಂಗಾರಪೇಟೆಯಿಂದ ಬಂದವನು ಆಂಡರ್ಸನ್‌ಪೇಟೆಯಲ್ಲಿ ಇಳಿದು ನಮ್ಮೂರ ಬಸ್ಸು ಹಿಡಿಯಬೇಕು. ಅಂದರೆ ಆ ಚೀಲ ಹಿಡಿದುಕೊಂಡು ಅಕ್ಕನ ಎದುರಿಗೇ ನಿಲ್ಲಬೇಕು. ಮುಂದಿನ ಸ್ಟಾಪಿಗೆ ನಡೆಯಬಹುದಿತ್ತು. ನಾನೇನು ಕಳ್ಳನೇ, ಯಾಕೆ ತಲೆ ತಪ್ಪಿಸಲಿ ಅನ್ನುವ ಸೊಕ್ಕು ಬಿಡಲಿಲ್ಲ. ಆದರೂ ಚೀಲವನ್ನು ಕಾಲಿನ ಹಿಂದೆ ಇಟ್ಟುಕೊಂಡು, ಅಂಗಡಿಗೆ ಬೆನ್ನು ಮಾಡಿ, ಬಸ್ಸು ಬರುವ ದಾರಿ ನೋಡುತ್ತಾ ನಿಂತೆ. ಬಸ್ಸು ಬರಲಿಲ್ಲ. ದನಿ ಬಂತು.

"ಮೇಸ್ತ್ರೀ! ಈ ವಾರ ಮನೇಲಿ ಎಲ್ರೂ ಉಪವಾಸ ಏನು?"

ಹೋಗಲೇಬೇಕಾಯಿತು. ಕಾಲು ಕೇಜಿ ಹುಣಸೆಹಣ್ಣು ಕೇಳಿದೆ. ಅವಳು ತೂಗಿದಳು, ಪೊಟ್ಟಣ ಕಟ್ಟಿದಳು, ಮಕ್ಕಳ ಓದು ವಿಚಾರಿಸಿದಳು. ಡಬ್ಬದ ಮುಚ್ಚಳ ತೆಗೆಯುವ ಸದ್ದು ಕೇಳಿದಾಗ ನನಗೆ ನೆನಪಾಯಿತು. ಮುಷ್ಟಿ ತುಂಬ ಕಾಳು ಹಿಡಿದು ಅವಳು ಆಗಲೇ ಬಗ್ಗಿದ್ದಳು.

"ಚೀಲ ತೆರಿ."

ನಾನು ಚೀಲದ ಬಾಯನ್ನು ತಿರುಚಿ ಹಿಡಿದುಕೊಂಡಿದ್ದೆ. ತೆರೆದರೆ ಮೇಲೆಯೇ ಸಕ್ಕರೆ ಪ್ಯಾಕೆಟ್ಟು, ಅದರ ಮೇಲೆ ಸೂಪರ್ ಮಾರ್ಕೆಟ್ಟಿನ ಹಳದಿ ಚೀಟಿ. ಅವಳ ಕೈ ಕಾಯುತ್ತಿತ್ತು. ನನ್ನ ಬೆರಳುಗಳು ಬಿಗಿಯುತ್ತಲೇ ಹೋದವು.

"ಬ್ಯಾಡ ಬಿಡಕ್ಕ. ಇವತ್ತು ಬ್ಯಾಡ."

ಕೊಸರು ಸಾಲದು ಎಂದು ಜಗಳ ಆಡಿದವರುಂಟು. ಬೇಡ ಎಂದವರಿಲ್ಲ. ನಮ್ಮ ಕಡೆ ಕೊಸರು ಬೇಡ ಎಂದರೆ ಇನ್ನು ನಿನ್ನ ಅಂಗಡಿ ಮೆಟ್ಟಿಲು ಹತ್ತುವುದಿಲ್ಲ ಎಂದು ಮುಖಕ್ಕೆ ಹೇಳಿದ ಹಾಗೆ. ಅದು ನನಗೆ ಗೊತ್ತಿತ್ತು, ಮಾತು ಮಾತ್ರ ಬಾಯಿಂದ ಹೊರಟುಹೋಗಿತ್ತು. ಅಕ್ಕ ನನ್ನ ಮುಖ ನೋಡಿದಳು. ಆಮೇಲೆ ಚೀಲ. ಆಮೇಲೆ ಅದನ್ನು ಹಿಸುಕಿ ಹಿಡಿದ ನನ್ನ ಕೈ. ಮುಷ್ಟಿಯ ಕಾಳನ್ನು ಮೆಲ್ಲಗೆ ಡಬ್ಬಕ್ಕೆ ಬಿಟ್ಟಳು. ತಗಡಿನ ಮೇಲೆ ಕಾಳು ಬಿದ್ದ ಆ ಸದ್ದು...

"ಸರಿ. ಓಗು, ಬಸ್ಸು ಬಂತು" ಎಂದಳು.

ಬಸ್ಸು ಬಂದಿರಲಿಲ್ಲ.

ಮರುವಾರದಿಂದ ನಾನು ಮುಂದಿನ ಸ್ಟಾಪಿಗೆ ನಡೆಯತೊಡಗಿದೆ. ನನ್ನ ದುಡಿಮೆ, ನನ್ನ ಇಷ್ಟ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಹೊರೆ ಹೊತ್ತು ಬೆಳೆದ ಹೆಗಲಿಗೆ ಆ ಚೀಲ ಯಾಕೋ ಭಾರವಾಗುತ್ತಿತ್ತು.

ನಾಲ್ಕೈದು ತಿಂಗಳು ಕಳೆದಿರಬೇಕು. ಹಬ್ಬಕ್ಕೆ ಮುಂಚಿನ ಭಾನುವಾರ. ಸೂಪರ್ ಮಾರ್ಕೆಟ್ಟಿನಲ್ಲಿ ಎಣ್ಣೆಗೆ ಬೆಲೆ ಇಳಿಸಿದ್ದರು. ಒಬ್ಬರಿಗೆ ಎರಡೇ ಪ್ಯಾಕೆಟ್ಟು ಎಂದು ಬೋರ್ಡು ಹಾಕಿದ್ದರು. ಬಿಲ್ಲಿನ ಸಾಲು ಅಕ್ಕಿ ಮೂಟೆಗಳವರೆಗೂ ಬೆಳೆದಿತ್ತು. ನನಗಿಂತ ನಾಲ್ಕು ಜನ ಮುಂದೆ, ತಲೆಗೆ ಸೆರಗು ಹೊದ್ದುಕೊಂಡು ಒಬ್ಬ ಹೆಂಗಸು ನಿಂತಿದ್ದಳು. ಬುಟ್ಟಿಯ ತುಂಬ ಎಣ್ಣೆ ಪ್ಯಾಕೆಟ್ಟು. ಕೈ ನೋಡಿ ಗುರುತು ಹಿಡಿದೆ. ನನ್ನ ಚೀಲದ ತಳ ಕಂಡ ಕೈ ಅದು.

"ಅಮ್ಮಾ, ಇಷ್ಟೊಂದು ಕೊಡೋದಿಲ್ಲ. ಬೋರ್ಡ್ ನೋಡಿಲ್ವಾ?" ಬಿಲ್ಲಿನವನು ಕೇಳಿದ.

"ಮನೇಲಿ ಜನ ಜಾಸ್ತಿ ಕಣ್ಣು. ಹಬ್ಬ ಅಲ್ವಾ?"

ಅವನು ಮೇಲ್ವಿಚಾರಕನನ್ನು ಕರೆದ. ಆತ ಬಂದವನೇ ಎಲ್ಲರಿಗೂ ಕೇಳುವ ಹಾಗೆ, "ಏನಮ್ಮಾ, ಅಂಗಡಿ ಇಟ್ಟಿದೀಯಾ? ಅಂಗಡಿಯೋರಿಗೆ ಕೊಡಲ್ಲ" ಎಂದ.

ಆಗ ನನಗೆ ಅರ್ಥವಾಯಿತು. ಅವಳ ಅಂಗಡಿಗೆ ಮಾಲು ಹಾಕುವ ಏಜೆಂಟಿನ ಬೆಲೆಗಿಂತ ಇಲ್ಲಿಯ ಬೆಲೆಯೇ ಕಡಿಮೆ. ಗಿರಾಕಿಗಳನ್ನು ಉಳಿಸಿಕೊಳ್ಳಬೇಕಾದರೆ, ಅವರನ್ನು ಎಳೆದುಕೊಂಡ ಅಂಗಡಿಯಿಂದಲೇ ಅವಳು ಮಾಲು ಒಯ್ಯಬೇಕು. ಆಂಡರ್ಸನ್‌ಪೇಟೆಯವರ ಕಣ್ಣಿಗೆ ಬೀಳದಿರಲಿ ಎಂದು ಬೆಳಗಿನ ರೈಲಿಗೆ ಇಲ್ಲಿಗೆ ಬಂದಿದ್ದಾಳೆ.

"ಅಂಗಡೀನಾ? ನನಗ್ಯಾವ ಅಂಗಡಿ ಸಾಮಿ" ಎಂದಳು ಅಕ್ಕ.

ಸಾಲಿನಲ್ಲಿ ಯಾರೋ, "ಬೇಗ ಮುಗಿಸಮ್ಮೋ, ಅಬ್ಬ ಮುಗಿದೋತದೆ" ಎಂದರು. ಉಳಿದವರು ನಕ್ಕರು. ಅವಳು ನನ್ನ ಅಕ್ಕ, ಆ ಎಣ್ಣೆಯಲ್ಲಿ ಎರಡು ನನಗೆ ಎಂದು ಒಂದು ಮಾತು ನಾನು ಹೇಳಿದ್ದರೆ ಸಾಕಿತ್ತು. ಆದರೆ ಹೇಳಿದರೆ ಅವಳು ತಿರುಗಿ ನೋಡುತ್ತಾಳೆ, ನಾನೂ ಇಲ್ಲಿ ಬುಟ್ಟಿ ಹಿಡಿದು ನಿಂತದ್ದು ಕಾಣುತ್ತದೆ... ಬಿಸ್ಕತ್ತಿನ ಪೊಟ್ಟಣ ಎತ್ತಿಕೊಂಡು ಅದರ ಮೇಲಿದ್ದುದನ್ನು ಓದಿದೆ. ಏನು ಓದಿದೆನೋ.

ಮೇಲ್ವಿಚಾರಕ ಎರಡು ಬಿಟ್ಟು ಉಳಿದ ಪ್ಯಾಕೆಟ್ಟುಗಳನ್ನೆಲ್ಲ ಎತ್ತಿ ಪಕ್ಕಕ್ಕಿಟ್ಟ. ಆಮೇಲೆ ನನ್ನ ದನಿ ಹೊರಟಿತು.

"ಅಕ್ಕಾ, ನನ್ ಬಿಲ್ಲಾಗೆ ಎರಡು ಹಾಕುಸ್ತೀನಿ. ತಗೊಂಡೋಗು."

ಅವಳು ತಿರುಗಿದಳು. ಸೆರಗು ಸರಿಮಾಡಿಕೊಂಡಳು. ಗುರುತು ಹಿಡಿದದ್ದು ಕಣ್ಣಲ್ಲೇ ಕಂಡಿತು.

"ಬ್ಯಾಡ ಬಿಡಿ ಸಾರ್. ಇವತ್ತು ಬ್ಯಾಡ."

ಬಾಣಲೆ ಹೊರುವಾಗಲೇ ಮೇಸ್ತ್ರಿ ಎಂದು ಕರೆದ ಬಾಯಿ ಅದು. ಎರಡು ಪ್ಯಾಕೆಟ್ಟಿಗೆ ದುಡ್ಡು ಕೊಟ್ಟು, ತಲೆ ಎತ್ತಿಕೊಂಡೇ ಬಾಗಿಲು ದಾಟಿದಳು.

ಮುಂದಿನ ವಾರ ಹೋಗಿ ಮಾತಾಡಿಸಬೇಕು ಅಂದುಕೊಂಡೆ. ಅಲ್ಲಿ ನಿಂತು ಏನು ಹೇಳಲಿ ಎಂದು ಯೋಚಿಸುವುದರಲ್ಲೇ ವಾರಗಳು ಹೋದವು. ಆ ಹಬ್ಬ ಹೋಗಿ ಯುಗಾದಿಯೂ ಕಳೆದ ಮೇಲೆ ಹೋದರೆ ಬಾಗಿಲಿಗೆ ಬೀಗ. "ತಂಗಿ ಊರಿಗೆ ಓದ್ಲು ಆಯಮ್ಮ, ತಿರುಪತ್ತೂರು ಕಡೆ" ಎಂದ ಪಕ್ಕದ ಟೀ ಅಂಗಡಿಯವನು. ಎರಡು ವರ್ಷ ಬಿಟ್ಟು ಅವನೇ ಹೇಳಿದ, ಅಲ್ಲೇ ತೀರಿಕೊಂಡಳಂತೆ. ಈಗ ಆ ಜಾಗದಲ್ಲಿ ಮೊಬೈಲು ಕವರು ಮಾರುತ್ತಾರೆ.

"ಸಾರ್..." ತೂಕದ ಹುಡುಗಿ ಮತ್ತೆ ಕರೆದಳು. ಈ ಸಲ ದನಿ ಮೆತ್ತಗಿತ್ತು. "ಬೇಕಂದ್ರೆ ಅದನ್ನೂ ಸೇರಿಸಿ ಇನ್ನೊಂದ್ಸಲ ತೂಗ್ತೀನಿ ಸಾರ್."

ಒಳ್ಳೆಯ ಹುಡುಗಿ. ಆದರೆ ತೂಗಿದ ಮೇಲೆ ಅದು ಕೊಸರಾಗುವುದಿಲ್ಲ.

"ಬ್ಯಾಡ ಬಿಡಮ್ಮ" ಎಂದು ಡಬ್ಬದ ಮೇಲೆ ಮುಷ್ಟಿ ಬಿಚ್ಚಿದೆ. ಬೆವರಿಗೆ ಅಂಗೈಯಲ್ಲಿ ಒಂದು ಕಾಳು ಅಂಟಿಕೊಂಡಿತ್ತು. ಅದನ್ನೂ ಉಗುರಿನಿಂದ ಬಿಡಿಸಿ ಒಳಗೆ ಹಾಕಿ ಮುಚ್ಚಳ ಮುಚ್ಚಿದೆ.

ಮನೆಗೆ ಬಂದ ಮೇಲೆ ಹೆಂಡತಿ ಸಾಮಾನೆಲ್ಲ ಎತ್ತಿಟ್ಟು, ಮಡಿಸುವುದಕ್ಕೆ ಮುಂಚೆ ಚೀಲವನ್ನು ಬೋರಲು ಮಾಡಿ ಒದರಿದಳು. ನಾನು ನೆಲ ನೋಡುತ್ತಾ ನಿಂತಿದ್ದೆ. ಬಿಲ್ಲೊಂದು ಬಿತ್ತು, ಅಷ್ಟೇ.